ನಾಲ್ಕನೇ ಲೈನಿನ ಲೊರೆಂಟ್ಸ್‌ಗೆ ಮೂರು ವರ್ಷ: ಇದು ಬೇಕಿತ್ತಾ? (ಐಸ್ ಹಾಕಿ, 2025ರ ಜುಲೈ)

ಮಂಡ್ಯದಿಂದ_ಮಿಸ್ಸಿಸಾಗ
ನಮ್ಮ ಸ್ಟಾರ್ ಮಿಚ್ ಮಾರ್ನರ್ ಹೋದ. ವೇಗಸ್‌ಗೆ, ಎಂಟು ವರ್ಷಕ್ಕೆ, ವರ್ಷಕ್ಕೆ 1.2 ಕೋಟಿ ಡಾಲರ್. ಬದಲಿಗೆ ಬಂದವನು ನಿಕೊಲಾ ರುವಾ ಒಬ್ಬನೇ. ಆ ಗಾಯ ಇನ್ನೂ ಹಸಿ ಇರುವಾಗಲೇ ನಮ್ಮ ಟೊರೊಂಟೊ ತಂಡ ಮೇಪಲ್ ಲೀಫ್ಸ್‌ನವರು ಸ್ಟೀವನ್ ಲೊರೆಂಟ್ಸ್‌ಗೆ ಮೂರು ವರ್ಷ ಬರೆದುಕೊಟ್ಟಿದ್ದಾರೆ. ವರ್ಷಕ್ಕೆ 13.5 ಲಕ್ಷ ಡಾಲರ್.

ಮನುಷ್ಯ ಒಳ್ಳೆಯವನು, ಅದರಲ್ಲಿ ಮಾತಿಲ್ಲ. ಆದರೆ ಕಳೆದ ಸೀಸನ್‌ನಲ್ಲಿ 80 ಪಂದ್ಯಕ್ಕೆ 8 ಗೋಲು, 11 ಅಸಿಸ್ಟ್. ಆಡುವುದು ನಾಲ್ಕನೇ ಲೈನು, ರಾತ್ರಿಗೆ ಹತ್ತು ಹನ್ನೊಂದು ನಿಮಿಷ. ವಯಸ್ಸು 29. ಹೋದ ಸೆಪ್ಟೆಂಬರ್‌ನಲ್ಲಿ ಇವನಿಗೆ ಕಾಂಟ್ರ್ಯಾಕ್ಟೇ ಇರಲಿಲ್ಲ. ಟ್ರೈಔಟ್ ಮೇಲೆ ಕ್ಯಾಂಪಿಗೆ ಬಂದು, 7.75 ಲಕ್ಷಕ್ಕೆ ಸಹಿ ಹಾಕಿದ್ದ. ಅದು ಲೀಗ್‌ನ ಕನಿಷ್ಠ ಸಂಬಳ. ಅಂಥವನಿಗೆ ಮೂರು ವರ್ಷ ಯಾಕೆ? ಸಂತೆಯಲ್ಲಿ ಸೊಪ್ಪು ಸಿಕ್ಕ ಹಾಗೆ ಇಂಥ ಆಟಗಾರರು ಪ್ರತಿ ಸೆಪ್ಟೆಂಬರ್‌ನಲ್ಲೂ ಸಿಗುತ್ತಾರೆ ಅಲ್ವಾ? ತಪ್ಪಿದ್ದರೆ ತಿದ್ದಿ, ಸುಮ್ನೆ ಬೈಯಬೇಡಿ.

ವಾಟರ್ಲೂ_ವಾಸಿ
ಬೈಯಲೇಬೇಕು ಅಣ್ಣ. ಅವನು ನಮ್ಮೂರಿನವನು. ಕಿಚನರ್‌ನಲ್ಲಿ ಹುಟ್ಟಿದ ಹುಡುಗ, ಚಿಕ್ಕಂದಿನಿಂದ ಲೀಫ್ಸ್ ಅಭಿಮಾನಿ. ಹೊಸ ಹುಡುಗರನ್ನು ತಂಡಗಳು ಸರದಿ ಪ್ರಕಾರ ಆರಿಸಿಕೊಳ್ಳುವ 2015ರ ಡ್ರಾಫ್ಟ್‌ನಲ್ಲಿ ಏಳನೇ ಸುತ್ತು, 186ನೇ ನಂಬರು. ಆ ಹೊತ್ತಿಗೆ ಸಭಾಂಗಣದಲ್ಲಿ ಕುರ್ಚಿ ಎತ್ತಿಡುತ್ತಿರುತ್ತಾರೆ. ಅಲ್ಲಿಂದ ಇಸಿಎಚ್‌ಎಲ್, ಎಎಚ್‌ಎಲ್ ಅನ್ನುವ ಕೆಳಗಿನ ಲೀಗ್‌ಗಳನ್ನೆಲ್ಲ ಸುತ್ತಿ, ಬಸ್ಸಿನಲ್ಲಿ ಬೆನ್ನು ಮುರಿದುಕೊಂಡು ಮೇಲೆ ಬಂದಿದ್ದಾನೆ. ಸೊಪ್ಪು ಅನ್ನಬೇಡಿ.

ಮಂಡ್ಯದಿಂದ_ಮಿಸ್ಸಿಸಾಗ
ಕಷ್ಟಪಟ್ಟಿದ್ದಾನೆ, ಒಪ್ಪಿದೆ. ನಾನೂ ಕಷ್ಟಪಟ್ಟಿದ್ದೇನೆ. ನನಗೆ ಯಾರೂ 13.5 ಲಕ್ಷ ಕೊಡಲಿಲ್ಲ.

ಕ್ಯಾಪ್_ಲೆಕ್ಕಿಗ
ಭಾವನೆ ಪಕ್ಕಕ್ಕಿಡಿ, ಸ್ವಲ್ಪ ಲೆಕ್ಕ ಮಾಡೋಣ.

ಈ ಸಲ (2025-26) ಒಂದು ತಂಡ ಎಲ್ಲ ಆಟಗಾರರಿಗೂ ಸೇರಿ ಕೊಡಬಹುದಾದ ಸಂಬಳದ ಮಿತಿ, ಅಂದರೆ ಕ್ಯಾಪ್, 9.55 ಕೋಟಿ ಡಾಲರ್. ಅದರಲ್ಲಿ 13.5 ಲಕ್ಷ ಅಂದರೆ ಸುಮಾರು ನೂರಕ್ಕೆ 1.4. ಮುಂದಿನ ವರ್ಷ ಮಿತಿ 10.4 ಕೋಟಿ, ಅದರ ಮುಂದಿನ ವರ್ಷ 11.35 ಕೋಟಿ ಅಂತ ಲೀಗ್ ಈಗಲೇ ಹೇಳಿದೆ. ಇವನ ಸಂಬಳ ನಿಂತಲ್ಲೇ ನಿಲ್ಲುತ್ತದೆ, ಮಿತಿ ಏರುತ್ತಾ ಹೋಗುತ್ತದೆ. ಮೂರನೇ ವರ್ಷಕ್ಕೆ ಇದು ಚಿಲ್ಲರೆ ಕಾಸು.

ಅವನ ಆಟ ಬಿದ್ದೇ ಹೋಯಿತು ಅಂತಿಟ್ಟುಕೊಳ್ಳಿ. ಕೆಳಗೆ ಎಎಚ್‌ಎಲ್‌ನ ನಮ್ಮದೇ ತಂಡ ಮಾರ್ಲೀಸ್‌ಗೆ ಕಳಿಸಿದರೆ ಕನಿಷ್ಠ ಸಂಬಳ ಮತ್ತು 3.75 ಲಕ್ಷ ಸೇರಿಸಿದಷ್ಟು ಮೊತ್ತ ಕ್ಯಾಪ್ ಲೆಕ್ಕದಿಂದ ಬಿಟ್ಟುಹೋಗುತ್ತದೆ. 2025-26ರ ಲೆಕ್ಕದಲ್ಲಿ ಅದು 11.5 ಲಕ್ಷ. ಉಳಿಯುವುದು 2 ಲಕ್ಷ ಮಾತ್ರ. ಇದಕ್ಕಿಂತ ಕಡಿಮೆ ಅಪಾಯದ ಒಪ್ಪಂದ ಬರೆಯುವುದು ಕಷ್ಟ.

ಸುಮ್ನೆ_ಓದೋಳು
ಒಂದು ಪ್ರಶ್ನೆ. ಮಗ ಶಾಲೆಯಲ್ಲಿ ಕಲಿತು ಬಂದು ನಮಗೂ ಹಚ್ಚಿದ್ದಾನೆ, ನೋಡಿ ನೋಡಿ ಸ್ವಲ್ಪ ಅರ್ಥ ಆಗುತ್ತಿದೆ. ಈ ನಾಲ್ಕನೇ ಲೈನು ಅಂದರೆ ಬೆಂಚ್ ಆಟಗಾರರಾ?

ಕೊಡಗಿನ_ಕೋಲು
ಅಲ್ಲ ಮೇಡಂ, ಪ್ರತಿ ಪಂದ್ಯವೂ ಆಡುತ್ತಾರೆ. ಮೂರು ಮೂರು ಜನರ ನಾಲ್ಕು ಗುಂಪು ಫಾರ್ವರ್ಡ್‌ಗಳು. ಐಸ್ ಮೇಲೆ ಒಂದು ಗುಂಪು ಮುಕ್ಕಾಲು ನಿಮಿಷ ಉಸಿರುಗಟ್ಟಿ ಓಡುತ್ತದೆ, ಆಟ ನಿಲ್ಲಿಸದೆಯೇ ಇನ್ನೊಂದು ಗುಂಪು ಬೇಲಿ ಹಾರಿ ಒಳಗೆ ಬರುತ್ತದೆ. ಮೊದಲ ಎರಡು ಗುಂಪು ಗೋಲು ಹೊಡೆಯುವವರು. ನಾಲ್ಕನೆಯವರ ಕೆಲಸವೇ ಬೇರೆ. ಎದುರಾಳಿ ಡಿಫೆನ್ಸ್‌ನವರಿಗೆ ಡಿಕ್ಕಿ ಹೊಡೆದು ಸುಸ್ತು ಮಾಡುವುದು, ಪೆನಾಲ್ಟಿ ಆದಾಗ ನಾಲ್ಕೇ ಜನ ಉಳಿದು ತಡೆಯುವಾಗ ಚೆಂಡಿಗೆ ಮೈ ಒಡ್ಡುವುದು, ಸ್ಟಾರ್‌ಗಳಿಗೆ ಉಸಿರಾಡಲು ಸಮಯ ಕೊಡುವುದು.

ನಮ್ಮ ಹುಲ್ಲಿನ ಹಾಕಿಯಲ್ಲೂ ಈಗ ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಿಸಬಹುದಲ್ಲ, ಹೆಚ್ಚು ಕಡಿಮೆ ಅದೇ.

ವಾಟರ್ಲೂ_ವಾಸಿ
ಚೆಂಡಲ್ಲ ಸಾರ್, ಪಕ್ 😀

ಕೊಡಗಿನ_ಕೋಲು
ಹತ್ತು ವರ್ಷ ಆಯಿತು ವಿನ್ನಿಪೆಗ್‌ಗೆ ಬಂದು. ಬಾಯಿಗೆ ಇನ್ನೂ ಚೆಂಡೇ ಬರುತ್ತದೆ. ಏನು ಮಾಡಲಿ.

ಹ್ಯಾಬ್ಸ್_ಹನುಮ
ಟೊರೊಂಟೊದವರು ನಾಲ್ಕನೇ ಲೈನಿನ ಬಗ್ಗೆ ಜಗಳ ಆಡುತ್ತಿದ್ದಾರೆ ಅಂದರೆ ಜುಲೈ ಬಂತು ಅಂತ ಅರ್ಥ. ಲೀಗ್‌ನ ಸ್ಟ್ಯಾನ್ಲಿ ಕಪ್ ಗೆದ್ದು ಎಷ್ಟು ವರ್ಷ ಆಯಿತು ಸ್ವಾಮಿ?

ಮಂಡ್ಯದಿಂದ_ಮಿಸ್ಸಿಸಾಗ
1967. ನಿಮಗೆ ಗೊತ್ತಿದ್ದೇ ಕೇಳುತ್ತೀರಿ. ನಿಮ್ಮ ಮಾಂಟ್ರಿಯಲ್‌ನದು 1993. ನೀವೇನು ನಿನ್ನೆ ಗೆದ್ದವರಾ?

ಹ್ಯಾಬ್ಸ್_ಹನುಮ
ನಾವು 24 ಗೆದ್ದು ಸುಸ್ತಾಗಿ ಕೂತಿದ್ದೇವೆ. ಆದರೆ ವಿಷಯಕ್ಕೇ ಬರುತ್ತೇನೆ. 2021ರ ಪ್ಲೇಆಫ್ (ಸೀಸನ್ ಕೊನೆಯ ನಾಕೌಟ್) ಮೊದಲ ಸುತ್ತು ನೆನಪಿದೆಯಾ? ಏಳು ಪಂದ್ಯದ ಸರಣಿಯಲ್ಲಿ ನೀವು 3-1 ಮುಂದೆ ಇದ್ದಿರಿ. ಏಳನೇ ಪಂದ್ಯ ನಾವು 3-1ರಲ್ಲಿ ಗೆದ್ದೆವು. ಅದರಲ್ಲಿ ಒಂದು ಗೋಲು ಕೋರಿ ಪೆರ್ರಿಯದು. ಆ ವರ್ಷ ಪೆರ್ರಿಗೆ ನಾವು ಕೊಟ್ಟಿದ್ದು 7.5 ಲಕ್ಷ ಡಾಲರ್. ನಿಮ್ಮ ಕಡೆ ಕೋಟಿ ಕೋಟಿ ತೆಗೆದುಕೊಂಡವರು ಆ ರಾತ್ರಿ ಎಲ್ಲಿದ್ದರು ಅಂತ ನಾನು ಕೇಳುವುದಿಲ್ಲ, ಪಾಪ.

ಹಾಗಾಗಿ ಕಡಿಮೆ ಸಂಬಳದ ಫಾರ್ವರ್ಡ್‌ಗಳನ್ನು ಹೀಯಾಳಿಸಬೇಡಿ. ವೈರಿ ಆಗಿ ಹೇಳುತ್ತಿದ್ದೇನೆ, ಲೊರೆಂಟ್ಸ್ ಒಳ್ಳೆಯ ಸಹಿ.

ಬಸವನಗುಡಿ_ಬೆಳಗಿನಜಾವ
ಪೆರ್ರಿ ವಿಷಯ ತೆಗೆದಿರಲ್ಲ, ಆ ಮನುಷ್ಯನ ಹಣೆಬರಹ ನೋಡಿ. 2007ರಲ್ಲಿ ಅನಹೈಮ್ ಜತೆ ಕಪ್ ಗೆದ್ದ. ಆಮೇಲೆ 2020ರಲ್ಲಿ ಡಲ್ಲಾಸ್, 2021ರಲ್ಲಿ ಮಾಂಟ್ರಿಯಲ್, 2022ರಲ್ಲಿ ಟ್ಯಾಂಪಾ, 2024 ಮತ್ತು 2025ರಲ್ಲಿ ಎಡ್ಮಂಟನ್. ಆರು ವರ್ಷದಲ್ಲಿ ಐದು ಫೈನಲ್, ಐದೂ ಸೋಲು. ಈ ಜುಲೈನಲ್ಲಿ ಲಾಸ್ ಏಂಜಲಿಸ್ ಕಿಂಗ್ಸ್‌ಗೆ ಹೋಗಿದ್ದಾನೆ.

ಹ್ಯಾಬ್ಸ್_ಹನುಮ
ಅಂದರೆ ಕಿಂಗ್ಸ್ ಫೈನಲ್‌ಗೆ ಹೋಗುತ್ತಾರೆ, ಸೋಲುತ್ತಾರೆ. ಬರೆದಿಟ್ಟುಕೊಳ್ಳಿ.

ಕ್ಯಾಲ್ಗರಿ_ಚಳಿ
ಲೊರೆಂಟ್ಸ್ ಬಗ್ಗೆ ನನಗೆ ತಕರಾರಿಲ್ಲ. ಸಹಿ ಹಾಕಿಸಿದ ಕೈ ಬಗ್ಗೆ ಇದೆ. ನಿಮ್ಮ ಜನರಲ್ ಮ್ಯಾನೇಜರ್ ಬ್ರಾಡ್ ಟ್ರೆಲಿವಿಂಗ್ ನಿಮ್ಮಲ್ಲಿಗೆ ಬರುವ ಮೊದಲು ಒಂಬತ್ತು ವರ್ಷ ನಮ್ಮಲ್ಲಿದ್ದ. ಅವನಿಗೆ ಜುಲೈ ಒಂದನೇ ತಾರೀಖು, ಅಂದರೆ ಒಪ್ಪಂದ ಮುಗಿದ ಆಟಗಾರರ ಸಂತೆ ಶುರುವಾಗುವ ದಿನ, ಬಂದರೆ ಮೈ ಮೇಲೆ ಏನೋ ಬರುತ್ತದೆ.

2016ರಲ್ಲಿ ಟ್ರಾಯ್ ಬ್ರೌವರ್‌ಗೆ ನಾಲ್ಕು ವರ್ಷ, ವರ್ಷಕ್ಕೆ 45 ಲಕ್ಷ. ಎರಡೇ ವರ್ಷದಲ್ಲಿ ದುಡ್ಡು ಕೊಟ್ಟು ಮನೆಗೆ ಕಳಿಸಿದರು. 2018ರಲ್ಲಿ ಜೇಮ್ಸ್ ನೀಲ್‌ಗೆ ಐದು ವರ್ಷ, ವರ್ಷಕ್ಕೆ 57.5 ಲಕ್ಷ. ಒಂದು ಸೀಸನ್, 7 ಗೋಲು, ಆಮೇಲೆ ಎಡ್ಮಂಟನ್‌ಗೆ ದಾಟಿಸಿ ಲುಚಿಚ್‌ನನ್ನು ಹೊತ್ತುಕೊಂಡು ಬಂದೆವು. ಇವರೆಲ್ಲ ಬಂದಾಗಲೂ ‘ಗಟ್ಟಿ ಆಟಗಾರ, ಡ್ರೆಸ್ಸಿಂಗ್ ರೂಮಿಗೆ ಒಳ್ಳೆಯವನು’ ಅಂತಲೇ ಹೇಳಿದ್ದರು.

ಒಂದೊಂದೇ ಒಪ್ಪಂದ ನೋಡಿದರೆ ಎಲ್ಲವೂ ಸರಿಯಾಗೇ ಕಾಣುತ್ತದೆ. ಕೂಡಿಸಿದಾಗ ಗೊತ್ತಾಗುತ್ತದೆ ನೋವು.

ಕ್ಯಾಪ್_ಲೆಕ್ಕಿಗ
45 ಲಕ್ಷಕ್ಕೂ 13.5 ಲಕ್ಷಕ್ಕೂ ಹೋಲಿಕೆ ಎಲ್ಲಿಂದ ಬಂತು? ಎಮ್ಮೆಗೂ ಕರುವಿಗೂ ಒಂದೇ ಹಗ್ಗ ಕಟ್ಟಬೇಡಿ.

ಧಾರವಾಡ_ಪೇಡಾ
ಹಾಗಾದರೆ ಸರಿಯಾದ ಹೋಲಿಕೆ ನಾನು ಕೊಡುತ್ತೇನೆ. ರಯನ್ ರೀವ್ಸ್. 2023ರ ಜುಲೈ. ಮೂರು ವರ್ಷ. ವರ್ಷಕ್ಕೆ ಎಷ್ಟು ಗೊತ್ತಾ? 13.5 ಲಕ್ಷ. ಪೈಸೆ ಹೆಚ್ಚಿಲ್ಲ, ಪೈಸೆ ಕಡಿಮೆ ಇಲ್ಲ. ಅದೇ ಟ್ರೆಲಿವಿಂಗ್, ಅದೇ ನಾಲ್ಕನೇ ಲೈನು, ಅದೇ ಮೊತ್ತ, ಅದೇ ಅವಧಿ.

ಏನಾಯಿತು? ಎರಡನೇ ವರ್ಷದಲ್ಲೇ 35 ಪಂದ್ಯ, ಗೋಲು ಸೊನ್ನೆ, ಅಸಿಸ್ಟ್ ಎರಡು. ಮಾರ್ಚ್‌ನಲ್ಲಿ ವೇವರ್ಸ್‌ಗೆ (ಬೇಕಾದ ತಂಡ ಎತ್ತಿಕೊಳ್ಳಲಿ ಅಂತ) ಹಾಕಿ ಮಾರ್ಲೀಸ್‌ಗೆ ಕಳಿಸಿದರು. ಅವತ್ತೂ ಇಲ್ಲಿ ಇದೇ ಮಾತು. ‘ಅಪಾಯ ಇಲ್ಲ, ಚಿಲ್ಲರೆ ಕಾಸು’ ಅಂತ.

ಮಂಡ್ಯದಿಂದ_ಮಿಸ್ಸಿಸಾಗ
ಅದೇ! ಇದನ್ನೇ ನಾನು ಹೇಳಬೇಕು ಅಂತಿದ್ದೆ, ಮೊತ್ತ ನೆನಪಿಗೆ ಬರಲಿಲ್ಲ.

ವಾಟರ್ಲೂ_ವಾಸಿ
ಅಯ್ಯೋ ದೇವರೇ. ರೀವ್ಸ್ ಬಂದಾಗ 36 ವರ್ಷ, ಕುಸ್ತಿ ಆಡಲು ಬಂದವನು. ಲೊರೆಂಟ್ಸ್‌ಗೆ 29. ಸ್ಕೇಟಿಂಗ್ ಬರುತ್ತದೆ. ಪೆನಾಲ್ಟಿ ಕಿಲ್ ಆಡುತ್ತಾನೆ. ಬದಿಯಲ್ಲಿ ವಿಂಗರ್ ಆಗಿಯೂ ಆಡುತ್ತಾನೆ, ಬೇಕಾದರೆ ನಡುವೆ ಸೆಂಟರ್ ಆಗಿಯೂ. ಆರಡಿ ನಾಲ್ಕಿಂಚು ಆಳು ಬೋರ್ಡಿನ ಹತ್ತಿರ ಬಂದು ಮೈ ತಾಗಿಸಿದರೆ ಡಿಫೆನ್ಸ್‌ನವನು ಮುಂದಿನ ಸಲ ಪಕ್ ಎತ್ತುವ ಮುಂಚೆ ಹಿಂದೆ ನೋಡುತ್ತಾನೆ. ಆ ಅರ್ಧ ಸೆಕೆಂಡಿಗೆ ದುಡ್ಡು ಕೊಡುವುದು.

ಧಾರವಾಡ_ಪೇಡಾ
ಸರಿ, ಪ್ಲೇಆಫ್‌ನಲ್ಲಿ ಆ ಅರ್ಧ ಸೆಕೆಂಡು ಎಲ್ಲಿ ಹೋಯಿತು? ಫ್ಲಾರಿಡಾ ವಿರುದ್ಧ 2-0 ಮುಂದೆ ಇದ್ದು ಸೋತಿಲ್ವಾ? ಐದನೇ ಪಂದ್ಯ ಮನೆಯಲ್ಲಿ 6-1. ಏಳನೇ ಪಂದ್ಯ ಮನೆಯಲ್ಲಿ ಮತ್ತೆ 6-1. ಜನ ಐಸ್ ಮೇಲೆ ಜೆರ್ಸಿ ಎಸೆದರು.

ವಾಟರ್ಲೂ_ವಾಸಿ
ಆ ಸರಣಿ ನಮ್ಮನ್ನು ಕೊಂದಿದ್ದು ಫ್ಲಾರಿಡಾದ ಮೂರನೇ ಲೈನು! ಮಾರ್ಶಾಂಡ್, ಲುಂಡೆಲ್, ಲುಸ್ಟರಿನೆನ್. ಅವರ ಸ್ಟಾರ್‌ಗಳಾದ ಬಾರ್ಕೊವ್ ಅಲ್ಲ, ಟ್ಕಚುಕ್ ಅಲ್ಲ. ಮೂರನೇ ಪಂದ್ಯದ ಓವರ್‌ಟೈಮ್ ಗೋಲು ಯಾರದು? ಮಾರ್ಶಾಂಡ್. ಅಂದರೆ ನೀವೇ ನನ್ನ ವಾದ ಹೇಳುತ್ತಿದ್ದೀರಿ. ಕೆಳಗಿನ ಎರಡು ಲೈನು ಗಟ್ಟಿ ಇಲ್ಲದ ತಂಡ ಮೇ ತಿಂಗಳಲ್ಲಿ ಸಾಯುತ್ತದೆ.

ಧಾರವಾಡ_ಪೇಡಾ
ಮಾರ್ಶಾಂಡ್‌ನನ್ನು ಡೆಪ್ತ್ (ಕೆಳಗಿನ ಲೈನಿನ) ಆಟಗಾರ ಅಂತ ಕರೆದ ಮೊದಲ ಮನುಷ್ಯ ನೀವೇ ಇರಬೇಕು. ಅವನು ಬಾಸ್ಟನ್‌ಗೆ ಕ್ಯಾಪ್ಟನ್ ಆಗಿದ್ದವನು. ಮೂರನೇ ಲೈನಿನಲ್ಲಿ ಅಂಥವನನ್ನು ಇಡುವುದಕ್ಕೂ ನಾಲ್ಕನೇ ಲೈನಿನಲ್ಲಿ ಲೊರೆಂಟ್ಸ್‌ನನ್ನು ಇಡುವುದಕ್ಕೂ ಆನೆ ಆಡಿನಷ್ಟು ವ್ಯತ್ಯಾಸ.

ಸುಮ್ನೆ_ಓದೋಳು
ಲೊರೆಂಟ್ಸ್ ಫ್ಲಾರಿಡಾದಿಂದ ಬಂದವನಲ್ವಾ? ಟ್ರೇಡ್‌ನಲ್ಲಿ ಬಂದಿದ್ದಾ?

ಕ್ಯಾಪ್_ಲೆಕ್ಕಿಗ
ಟ್ರೇಡ್ ಅಲ್ಲ. ಅವನ ಹಾದಿ ಹೀಗಿದೆ. ಕ್ಯಾರೊಲೈನಾ ಡ್ರಾಫ್ಟ್ ಮಾಡಿತು. 2019ರಲ್ಲಿ ಅವರ ಎಎಚ್‌ಎಲ್ ತಂಡ ಶಾರ್ಲಟ್ ಕಾಲ್ಡರ್ ಕಪ್ ಗೆದ್ದಾಗ ಅಲ್ಲಿದ್ದ. 2022ರಲ್ಲಿ ಬ್ರೆಂಟ್ ಬರ್ನ್ಸ್ ಟ್ರೇಡ್‌ನಲ್ಲಿ ಸ್ಯಾನ್ ಹೋಸೆಗೆ ಹೋದ. 2023ರಲ್ಲಿ ಡುಕ್ಲೇರ್ ಬದಲಿಗೆ ಫ್ಲಾರಿಡಾಕ್ಕೆ ಬಂದ. ಅಲ್ಲಿ ಆ ಸೀಸನ್‌ನ ಅರ್ಧಕ್ಕಿಂತ ಜಾಸ್ತಿ ಪಂದ್ಯ ಸೂಟು ಹಾಕಿಕೊಂಡು ಮೇಲೆ ಕೂತು ನೋಡಿದ. ಪ್ಲೇಆಫ್‌ನಲ್ಲಿ ಅವಕಾಶ ಸಿಕ್ಕಿತು, 2024ರ ಸ್ಟ್ಯಾನ್ಲಿ ಕಪ್ ಗೆದ್ದ. ಗೆದ್ದ ಬೇಸಿಗೆಯಲ್ಲೇ ಕೆಲಸ ಹೋಯಿತು. ಆಗಲೇ ಲೀಫ್ಸ್ ಟ್ರೈಔಟ್‌ಗೆ ಕರೆದಿದ್ದು.

ಸುಮ್ನೆ_ಓದೋಳು
ಕಪ್ ಗೆದ್ದವನಿಗೆ ಕೆಲಸ ಇಲ್ವಾ?! ನಮ್ಮ ಐಟಿ ಕಂಪನಿಗಳ ತರಹವೇ ಆಯಿತು.

ಕರಾವಳಿ_ಕಪ್ಪೆ
ಇದು ಮನಸ್ಸಿಗೆ ತಾಗಿತು. 2023ರಲ್ಲಿ ನನ್ನ ಪ್ರಾಜೆಕ್ಟ್‌ಗೆ ಪ್ರಶಸ್ತಿ ಬಂದ ಎರಡನೇ ತಿಂಗಳಿಗೆ ನನ್ನನ್ನೂ ತೆಗೆದರು. ಕಂಪನಿ ಹೆಸರು ಬೇಡ. ಆಮೇಲೆ ಒಂದು ಕಡೆ ಮೂರು ತಿಂಗಳ ಕಾಂಟ್ರ್ಯಾಕ್ಟ್ ಸಿಕ್ಕಿತು. ದಿನಾ ಬೆಳಗ್ಗೆ ಎಲ್ಲರಿಗಿಂತ ಮೊದಲು ಹೋಗುತ್ತಿದ್ದೆ, ಬೇರೆಯವರು ಬೇಡ ಅಂದ ಕೆಲಸ ಎಲ್ಲ ಎತ್ತಿಕೊಳ್ಳುತ್ತಿದ್ದೆ. ವರ್ಷದ ಕೊನೆಗೆ ಖಾಯಂ ಮಾಡಿದರು. ಅವತ್ತು ಮನೆಗೆ ಬಂದು ಹೆಂಡತಿಗೆ ಹೇಳುವಾಗ ಗಂಟಲು ಕಟ್ಟಿತ್ತು.

ಲೊರೆಂಟ್ಸ್‌ಗೆ ಮೂರು ವರ್ಷ ಅಂತ ಓದಿದಾಗ ನನಗೆ ಕ್ಯಾಪ್, ನೂರಕ್ಕೆ ಎಷ್ಟು ಅಂತೆಲ್ಲ ಹೊಳೆಯಲಿಲ್ಲ. ಅವನ ಮನೆಯಲ್ಲಿ ಅವತ್ತು ರಾತ್ರಿ ಊಟ ರುಚಿಯಾಗಿರುತ್ತದೆ ಅಂತ ಅನ್ನಿಸಿತು ಅಷ್ಟೇ.

ಮಂಡ್ಯದಿಂದ_ಮಿಸ್ಸಿಸಾಗ
ಈಗ ನನ್ನನ್ನು ಖಳನಾಯಕ ಮಾಡಿಬಿಟ್ಟಿರಿ. ಅವನು ಉಣ್ಣಬಾರದು ಅಂತ ನಾನೆಲ್ಲಿ ಹೇಳಿದೆ? ಮೂರರ ಬದಲು ಎರಡು ವರ್ಷ ಉಣ್ಣಲಿ ಅಂದೆ.

ಕ್ಯಾಪ್_ಲೆಕ್ಕಿಗ
ಎರಡು ವರ್ಷ ಅಂದರೆ ಅವನು 13.5ಕ್ಕೆ ಒಪ್ಪುತ್ತಿರಲಿಲ್ಲ. ಅವಧಿ ಕೊಟ್ಟರೆ ಬೆಲೆ ಇಳಿಯುತ್ತದೆ. ಇನ್ನೊಂದು ವಿಷಯ: ಲೀಗ್ ಮತ್ತು ಆಟಗಾರರ ಸಂಘದ ಹೊಸ ಒಪ್ಪಂದದ ಪ್ರಕಾರ ಕನಿಷ್ಠ ಸಂಬಳವೇ 2026-27ರಲ್ಲಿ 8.5 ಲಕ್ಷಕ್ಕೆ ಏರುತ್ತದೆ, ಆಮೇಲೆ ಹಂತ ಹಂತವಾಗಿ 10 ಲಕ್ಷಕ್ಕೆ. ನಿಮ್ಮ ಸಂತೆಯ ಸೊಪ್ಪಿನ ಬೆಲೆಯೂ ಏರುತ್ತಿದೆ ಅಣ್ಣ.

ಕ್ಯಾಲ್ಗರಿ_ಚಳಿ
ತೆರಿಗೆ ವಿಷಯ ಯಾರೂ ಎತ್ತಲಿಲ್ಲ. ಫ್ಲಾರಿಡಾ, ಟೆಕ್ಸಾಸ್, ನೆವಾಡಾದಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಒಂಟಾರಿಯೊದಲ್ಲಿ ಹೆಚ್ಚು ಸಂಬಳದವರಿಗೆ ಅರ್ಧಕ್ಕಿಂತ ಜಾಸ್ತಿ ಹೋಗುತ್ತದೆ. ಮಾರ್ನರ್ ವೇಗಸ್‌ಗೆ ಹೋಗಿದ್ದರಲ್ಲಿ ಅಚ್ಚರಿ ಏನಿದೆ?

ಧಾರವಾಡ_ಪೇಡಾ
ಮಾರ್ನರ್ ಹೋಗಿದ್ದು ತೆರಿಗೆಗೆ ಹೆದರಿ ಅಲ್ಲ, ನಮಗೆ ಹೆದರಿ. ಈ ಊರಿನ ಬಾಯಿ ಅಂಥದ್ದು.

ಕ್ಯಾಲ್ಗರಿ_ಚಳಿ
ಒಪ್ಪಿದೆ. ಹುಡುಗ ಹುಟ್ಟಿ ಬೆಳೆದಿದ್ದು ಟೊರೊಂಟೊ ಪಕ್ಕದಲ್ಲೇ, ಅಲ್ಲೇ ಉಸಿರು ಕಟ್ಟಿತು.

ನೀಲಿ_ಎಲೆ_ಅಡಿಕೆ
ಎಲ್ಲ ಓದಿದೆ. ಒಂದು ಹೆಸರು ಯಾರೂ ಹೇಳಲಿಲ್ಲ. ಝ್ಯಾಕ್ ಹೈಮನ್.

ಅವನೂ ನಮ್ಮಲ್ಲಿ ‘ಬರೀ ಓಡುವವನು’ ಅನ್ನಿಸಿಕೊಂಡಿದ್ದ. 2021ರಲ್ಲಿ ಬಿಟ್ಟುಕೊಟ್ಟೆವು. ಎಡ್ಮಂಟನ್‌ನಲ್ಲಿ 2023-24ರಲ್ಲಿ 54 ಗೋಲು ಹೊಡೆದ. ಕಾರ್ಟರ್ ವರ್ಹೇಗಿಯನ್ನು ಡ್ರಾಫ್ಟ್ ಮಾಡಿದ್ದು ನಾವೇ, ಕೈಬಿಟ್ಟೆವು, ಫ್ಲಾರಿಡಾದಲ್ಲಿ ಎರಡು ಕಪ್ ಎತ್ತಿದ. ಮೇಸನ್ ಮಾರ್ಚ್‌ಮೆಂಟ್‌ನನ್ನು ಮಾಲ್ಗಿನ್‌ಗೆ ಬದಲಾಗಿ ಕೊಟ್ಟೆವು. ನಮ್ಮ ಹಿತ್ತಲ ಗಿಡ ನಮಗೆ ಮದ್ದಾಗಲೇ ಇಲ್ಲ. ಈಗ ಒಬ್ಬನನ್ನಾದರೂ ಉಳಿಸಿಕೊಂಡಿದ್ದಾರೆ.

ಧಾರವಾಡ_ಪೇಡಾ
ಲೊರೆಂಟ್ಸ್ 54 ಗೋಲು ಹೊಡೆದರೆ ಸ್ಕೋಶಿಯಾಬ್ಯಾಂಕ್ ಅರೀನಾ ಮುಂದೆ ಉರುಳುಸೇವೆ ಮಾಡುತ್ತೇನೆ.

ನೀಲಿ_ಎಲೆ_ಅಡಿಕೆ
54 ಬೇಡ ಮಾರಾಯ. ಸರಿಯಾದ ಹೊತ್ತಿಗೆ ಒಂದು ಸಾಕು. ಆಟವಾ ಸರಣಿಯ ಆರನೇ ಪಂದ್ಯ ಮರೆತಿರಾ? ಕೊನೆಯ ಆರು ನಿಮಿಷದೊಳಗೆ ಗೆಲುವಿನ ಗೋಲು ಹೊಡೆದವನು ಮ್ಯಾಕ್ಸ್ ಪ್ಯಾಸಿಯೊರೆಟ್ಟಿ. ಅವನೂ ಲೊರೆಂಟ್ಸ್ ಜತೆ ಅದೇ ಸೆಪ್ಟೆಂಬರ್‌ನಲ್ಲಿ ಟ್ರೈಔಟ್ ಮೇಲೆ ಬಂದವನು. ಫ್ಲಾರಿಡಾ ವಿರುದ್ಧ ಆರನೇ ಪಂದ್ಯ 2-0 ಗೆದ್ದಾಗಲೂ ಎರಡನೇ ಗೋಲು ಅವನದೇ.

ಮಂಡ್ಯದಿಂದ_ಮಿಸ್ಸಿಸಾಗ
ನೋಡಿ, ಪ್ಯಾಸಿಯೊರೆಟ್ಟಿ ಬಂದಿದ್ದು ಒಂದೇ ವರ್ಷಕ್ಕೆ. ಅದೇ ನನ್ನ ಮಾತು! ಸೆಪ್ಟೆಂಬರ್‌ನಲ್ಲಿ ಸಿಗುತ್ತಾರೆ!

ಬಸವನಗುಡಿ_ಬೆಳಗಿನಜಾವ
ಆಟವಾ ಪಂದ್ಯ ನಾನು ನೋಡಿದ್ದು ಬೆಳಗಿನ ಜಾವ. ಇಲ್ಲಿ ಬೆಂಗಳೂರಿನಲ್ಲಿ ನಿಮ್ಮ ಸಂಜೆ ಏಳು ಅಂದರೆ ಬೇಸಿಗೆಯಲ್ಲಿ ನಾಲ್ಕೂವರೆ, ಚಳಿಗಾಲದಲ್ಲಿ ಐದೂವರೆ. ಟೊರೊಂಟೊದಲ್ಲಿ ಎರಡು ವರ್ಷ ಇದ್ದು ವಾಪಸ್ ಬಂದೆ, ಚಟ ಮಾತ್ರ ಬಿಡಲಿಲ್ಲ. ಗೋಲು ಬಿದ್ದಾಗ ಕೂಗಿದ್ದಕ್ಕೆ ಅತ್ತೆ ಎದ್ದು ಬಂದು ಕಳ್ಳ ಬಂದನಾ ಅಂತ ಕೇಳಿದರು.

ಈಗ ನನ್ನ ಎರಡು ಮಾತು. ನಾನು ಆರ್‌ಸಿಬಿ ಅಭಿಮಾನಿ. ಹಾಗಾಗಿ ಈ ನೋವು ಏನು ಅಂತ ನನಗೆ ಹೇಳಿಕೊಡಬೇಡಿ. 2016ರಲ್ಲಿ ಕೊಹ್ಲಿ ಒಬ್ಬನೇ 973 ರನ್ ಹೊಡೆದ. ಫೈನಲ್ 8 ರನ್‌ನಿಂದ ಸೋತೆವು. 2023-24ರಲ್ಲಿ ನಿಮ್ಮ ಮ್ಯಾಥ್ಯೂಸ್ ಒಬ್ಬನೇ 69 ಗೋಲು ಹೊಡೆದ. ಮೊದಲ ಸುತ್ತಿನಲ್ಲೇ ಬಾಸ್ಟನ್‌ಗೆ ಸೋತಿರಿ, ಏಳನೇ ಪಂದ್ಯ, ಓವರ್‌ಟೈಮ್. ಎರಡೂ ಒಂದೇ ಕಥೆ, ಹುಲ್ಲು ಐಸ್ ಅಷ್ಟೇ ವ್ಯತ್ಯಾಸ.

2025ರ ಜೂನ್ 3ರಂದು ನಾವು ಗೆದ್ದಿದ್ದು ಹೇಗೆ? ಫೈನಲ್‌ನಲ್ಲಿ ಕೃಣಾಲ್ ಪಾಂಡ್ಯ ನಾಲ್ಕು ಓವರ್‌ಗೆ 17 ರನ್ ಕೊಟ್ಟು 2 ವಿಕೆಟ್ ತೆಗೆದ. ಅವನನ್ನು ತಂದಿದ್ದು 5.75 ಕೋಟಿ ರೂಪಾಯಿಗೆ. ಕೊಹ್ಲಿಗೆ 21 ಕೋಟಿ. ಜಿತೇಶ್ ಶರ್ಮಾ 10 ಚೆಂಡಿಗೆ 24 ಹೊಡೆದ. ಹರಾಜಿನ ದಿನ ಇವರನ್ನು ತೆಗೆದುಕೊಂಡಾಗ ನಾವೂ ಹೀಗೇ ಕೂಗಾಡಿದ್ದೆವು. ‘ಇವರಾ? ಇವರಿಗೆ ಇಷ್ಟಾ?’ ಅಂತ.

ಕರಾವಳಿ_ಕಪ್ಪೆ
ಹೌದು ನಾನೂ ಕೂಗಾಡಿದ್ದೆ. ಡಿಲೀಟ್ ಮಾಡಿದ್ದೇನೆ 🙈

ಸುಮ್ನೆ_ಓದೋಳು
ಮರುದಿನ ಚಿನ್ನಸ್ವಾಮಿ ಹತ್ತಿರ ಆಗಿದ್ದು ನೆನೆಸಿಕೊಂಡರೆ ಆ ಕಪ್ ಬಗ್ಗೆ ಮಾತಾಡಲು ಮನಸ್ಸೇ ಬರುವುದಿಲ್ಲ. ಹನ್ನೊಂದು ಜೀವ.

ಬಸವನಗುಡಿ_ಬೆಳಗಿನಜಾವ
ಹೌದು ಮೇಡಂ. ನಾನೂ ಅವತ್ತಿನಿಂದ ಆ ಜೆರ್ಸಿ ಹಾಕಿಲ್ಲ.

ಕ್ಯಾಪ್_ಲೆಕ್ಕಿಗ
ಕ್ರಿಕೆಟ್ ಹೋಲಿಕೆ ಸ್ವಲ್ಪ ಕುಂಟುತ್ತದೆ. ಕೃಣಾಲ್ ನಾಲ್ಕು ಓವರ್ ಪೂರ್ತಿ ಹಾಕಬಹುದು, ಬುಮ್ರಾಗೂ ನಾಲ್ಕೇ. ನಾಲ್ಕನೇ ಲೈನಿನವನಿಗೆ ಮ್ಯಾಥ್ಯೂಸ್‌ನ ಅರ್ಧದಷ್ಟು ಹೊತ್ತೂ ಐಸ್ ಸಿಗುವುದಿಲ್ಲ.

ಬಸವನಗುಡಿ_ಬೆಳಗಿನಜಾವ
ಅರ್ಧಕ್ಕಿಂತ ಸ್ವಲ್ಪ ಜಾಸ್ತಿಯೇ ಸಿಗುತ್ತದೆ. ಮ್ಯಾಥ್ಯೂಸ್ ಇಪ್ಪತ್ತರ ಆಸುಪಾಸು, ಇವನು ಹತ್ತು ಹನ್ನೊಂದು. ಲೆಕ್ಕಿಗರೇ, ಲೆಕ್ಕ ತಪ್ಪಿತು.

ಕ್ಯಾಪ್_ಲೆಕ್ಕಿಗ
ಸರಿ, ಸೋತೆ. ಚಹಾ ಕುಡಿದು ಬರುತ್ತೇನೆ.

ಕೊಡಗಿನ_ಕೋಲು
ನೀವೆಲ್ಲ ಕ್ರಿಕೆಟ್ ತಂದಿರಿ, ನಾನು ನನ್ನ ಹಾಕಿ ತರುತ್ತೇನೆ. ನಮ್ಮ ಕೊಡವ ಕುಟುಂಬಗಳ ಹಾಕಿ ಹಬ್ಬ ಗೊತ್ತಲ್ಲ, 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ್ದು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದಾಗ 360 ತಂಡ. ಒಂದೊಂದು ಮನೆತನಕ್ಕೆ ಒಂದು ತಂಡ. ಅಲ್ಲಿ ಟ್ರೇಡ್ ಇಲ್ಲ, ಟ್ರೈಔಟ್ ಇಲ್ಲ, ಫ್ರೀ ಏಜೆನ್ಸಿ ಇಲ್ಲ. ಆ ಮನೆತನದವರೇ ಆಡಬೇಕು. ಅಜ್ಜನೂ ಮೊಮ್ಮಗನೂ ಒಟ್ಟಿಗೆ ಇಳಿಯುವುದುಂಟು.

ನಮ್ಮ ತಂಡದಲ್ಲಿ ಒಬ್ಬರು ಚಿಕ್ಕಪ್ಪ ಇದ್ದರು. ಕಾಫಿ ತೋಟದಿಂದ ನೇರ ಬಂದು ಆಡುತ್ತಿದ್ದರು. ಒಂದು ಗೋಲೂ ಹೊಡೆದವರಲ್ಲ. ಆದರೆ ಎದುರಿನ ತಂಡದ ಒಳ್ಳೆಯ ಆಟಗಾರ ಯಾರಿದ್ದರೂ ಅವನ ಪಕ್ಕದಲ್ಲೇ ನೆರಳಿನ ಹಾಗೆ ಓಡುತ್ತಾ, ಮಾತಾಡಿಸುತ್ತಾ, ‘ನಿಮ್ಮ ತಾಯಿ ಚೆನ್ನಾಗಿದ್ದಾರಾ, ಮೆಣಸು ಎಷ್ಟು ಬಂತು’ ಅಂತ ಕೇಳಿ ಕೇಳಿ ತಲೆ ಕೆಡಿಸುತ್ತಿದ್ದರು. ನಾವು ಗೆದ್ದ ಪಂದ್ಯಗಳಲ್ಲೆಲ್ಲ ಅವರಿದ್ದರು. ಲೊರೆಂಟ್ಸ್ ಆಡುವುದು ನೋಡಿದರೆ ನನಗೆ ಅವರೇ ನೆನಪಾಗುತ್ತಾರೆ.

ಹ್ಯಾಬ್ಸ್_ಹನುಮ
ಚಿಕ್ಕಪ್ಪನಿಗೆ ಎಷ್ಟು ವರ್ಷದ ಕಾಂಟ್ರ್ಯಾಕ್ಟ್?

ಕೊಡಗಿನ_ಕೋಲು
ಸಾಯುವ ತನಕ. ಕ್ಯಾಪ್‌ನಲ್ಲಿ ಬರುವುದಿಲ್ಲ. ಊಟಕ್ಕೆ ಪಂದಿ ಕರಿ ಸಾಕು.

ವಾಟರ್ಲೂ_ವಾಸಿ
😂😂 ಇದು ಜಗತ್ತಿನ ಅತ್ಯುತ್ತಮ ಡೆಪ್ತ್ ಸಹಿ.

ನೀಲಿ_ಎಲೆ_ಅಡಿಕೆ
ಮತ್ತೆ ವಿಷಯಕ್ಕೆ. ಕೋಚ್ ಯಾರು ಅನ್ನುವುದೂ ಮುಖ್ಯ. ಕ್ರೇಗ್ ಬೆರೂಬಿ 2019ರಲ್ಲಿ ಸೇಂಟ್ ಲೂಯಿಸ್‌ಗೆ ಕಪ್ ಕೊಡಿಸಿದಾಗ ಜನವರಿ ಶುರುವಿನಲ್ಲಿ ಆ ತಂಡ ಲೀಗ್‌ನ ತಳದಲ್ಲಿತ್ತು. ಅವನು ಅದನ್ನು ಎಬ್ಬಿಸಿ ನಿಲ್ಲಿಸಿದ್ದು ಬಾರ್ಬಶೆವ್, ಸುಂಡ್‌ಕ್ವಿಸ್ಟ್, ಸ್ಟೀನ್ ಇದ್ದ ನಾಲ್ಕನೇ ಲೈನನ್ನು ಎದುರಾಳಿಯ ಮೊದಲ ಲೈನಿನ ಮೇಲೆ ಬಿಟ್ಟು. ಅವನ ಆಟವೇ ಹಾಗೆ. ಪಕ್ ಒಳಗೆ ಹಾಕು, ಹಿಂದೆ ಹೋಗಿ ಗುದ್ದು. ಲೊರೆಂಟ್ಸ್ ಆ ಅಳತೆಗೆ ಹೊಲಿಸಿದ ಅಂಗಿ.

ಮತ್ತೆ ಹಾಲ್ಮ್‌ಬರ್ಗ್ ಟ್ಯಾಂಪಾಕ್ಕೆ ಹೋಗಿದ್ದಾನೆ. ಕೆಳಗಿನ ಲೈನುಗಳಲ್ಲಿ ಯಾರಾದರೂ ಇರಬೇಕಲ್ಲ.

ಧಾರವಾಡ_ಪೇಡಾ
ಇರುವವರ ಲೆಕ್ಕ ಹೇಳಲಾ? ಕ್ಯಾಂಪ್ಫ್‌ಗೆ 24 ಲಕ್ಷ, 2027ರವರೆಗೆ. ಯಾರ್ನ್‌ಕ್ರೋಕ್‌ಗೆ 21 ಲಕ್ಷ. ಲಾಟನ್, ರುವಾ, ಈಗ ಲೊರೆಂಟ್ಸ್. ಕೆಳಗಿನ ಲೈನಿನಲ್ಲಿ ಮದುವೆ ಮನೆಯಷ್ಟು ಜನ. ಮಾರ್ನರ್ 102 ಪಾಯಿಂಟ್ (ಗೋಲು, ಅಸಿಸ್ಟ್ ಸೇರಿ) ತೆಗೆದ ಜಾಗದಲ್ಲಿ ಯಾರು ಆಡುತ್ತಾರೆ? ಅದಕ್ಕೆ ಉತ್ತರ ಕೊಡಿ. ನನ್ನ ಸಿಟ್ಟು ಲೊರೆಂಟ್ಸ್ ಮೇಲಲ್ಲ. ಮನೆಗೆ ಮಾಳಿಗೆ ಇಲ್ಲ, ನಾವು ಮೆಟ್ಟಿಲಿಗೆ ಬಣ್ಣ ಹೊಡೆಯುತ್ತಿದ್ದೇವೆ.

ವಾಟರ್ಲೂ_ವಾಸಿ
ಇದು ಮಾತ್ರ ನ್ಯಾಯವಾದ ಪ್ರಶ್ನೆ. ನನ್ನ ಹತ್ತಿರ ಉತ್ತರ ಇಲ್ಲ. ಮಚೆಲ್ಲಿ ಬಂದಿದ್ದಾನೆ, ಆದರೆ ಅವನು ಮಾರ್ನರ್ ಅಲ್ಲ.

ನೀಲಿ_ಎಲೆ_ಅಡಿಕೆ
ಮ್ಯಾಥ್ಯೂ ನೈಸ್‌ಗೆ ಆರು ವರ್ಷ ಕೊಟ್ಟಿದ್ದಾರೆ, 77.5 ಲಕ್ಷದ ಹಾಗೆ. ತವಾರೆಸ್ ಬೆಲೆ ಇಳಿಸಿಕೊಂಡು ನಾಲ್ಕು ವರ್ಷ ಉಳಿದ. ಮಾಳಿಗೆ ಪೂರ್ತಿ ಹಾರಿಹೋಗಿಲ್ಲ.

ಕ್ಯಾಲ್ಗರಿ_ಚಳಿ
ಹೊಸ ಸುದ್ದಿ ನೋಡಿದಿರಾ? ರೀವ್ಸ್‌ನನ್ನು ಸ್ಯಾನ್ ಹೋಸೆಗೆ ಕಳಿಸಿದ್ದಾರೆ. ಬದಲಿಗೆ ಡಿಫೆನ್ಸ್‌ನ ಹೆನ್ರಿ ಥ್ರನ್.

ವಾಟರ್ಲೂ_ವಾಸಿ
ಪೇಡಾ ಅವರೇ, ಎಲ್ಲಿದ್ದೀರಿ? ನಿಮ್ಮ ‘ಭಯಂಕರ’ 13.5 ಲಕ್ಷದ ಒಪ್ಪಂದಕ್ಕೂ ಕೊಳ್ಳುವವರು ಸಿಕ್ಕರು! ಬದಲಿಗೆ 24 ವರ್ಷದ ಡಿಫೆನ್ಸ್‌ಮನ್ ಬೇರೆ.

ಧಾರವಾಡ_ಪೇಡಾ
ಸ್ಯಾನ್ ಹೋಸೆಯವರಿಗೆ ದೇವರು ಒಳ್ಳೆಯದು ಮಾಡಲಿ. ಒಪ್ಪಂದ ಮಾರಾಟ ಆಯಿತು ಅಂದ ಮಾತ್ರಕ್ಕೆ ಒಳ್ಳೆಯ ಒಪ್ಪಂದ ಅಂತಲ್ಲ. ನಮ್ಮ ಮಾವ ಹಳೇ ಸ್ಕೂಟರ್‌ನ್ನೂ ಮಾರಿದರು.

ಮಂಡ್ಯದಿಂದ_ಮಿಸ್ಸಿಸಾಗ
ಎಲ್ಲರಿಗೂ ಥ್ಯಾಂಕ್ಸ್. ಮೂರು ವರ್ಷ ಜಾಸ್ತಿ ಅನ್ನುವ ಮಾತಿನಿಂದ ನಾನು ಹಿಂದೆ ಸರಿಯುವುದಿಲ್ಲ. ಕ್ಯಾಪ್ ಲೆಕ್ಕ ಮಾತ್ರ ಒಪ್ಪಿಕೊಂಡೆ.

ಈಗ ಮನೆಯಲ್ಲಿ ಹೊಸ ತಲೆನೋವು. ಮಗಳಿಗೆ ಮಾರ್ನರ್‌ನ 16ನೇ ನಂಬರ್ ಜೆರ್ಸಿ ಇತ್ತು, ಬೇಡ ಅಂತ ಅಳುತ್ತಿದ್ದಾಳೆ. ಹೊಸದು ಯಾವುದು ಬೇಕು ಅಂತ ಕೇಳಿದೆ. 18 ಅಂದಳು.

ಬಸವನಗುಡಿ_ಬೆಳಗಿನಜಾವ
18 ಲೊರೆಂಟ್ಸ್ ನಂಬರ್!! ಆಹಾ, ಮಗಳು ಅಪ್ಪನಿಗಿಂತ ಬುದ್ಧಿವಂತೆ.

ಮಂಡ್ಯದಿಂದ_ಮಿಸ್ಸಿಸಾಗ
ನಾನೂ ಹಾಗೇ ಅಂದುಕೊಂಡು ಕೇಳಿದೆ. ‘ಯಾವ ಲೊರೆಂಟ್ಸ್? ಕೊಹ್ಲಿ ನಂಬರ್ ಅಪ್ಪಾ’ ಅಂದಳು. ಹಿಂದೆ ಕೊಹ್ಲಿ ಅಂತ ಹೊಲಿಸಿಕೊಡುವ ಅಂಗಡಿ ಬ್ರಾಂಪ್ಟನ್ ಕಡೆ ಯಾವುದಾದರೂ ಇದ್ದರೆ ತಿಳಿಸಿ.